ಅಡಕತ್ತರಿ ಹಾಕಿ ನೋಡಲಿ ಬಿಡು

ಶಿರಸಿ, ಭಾನುವಾರ ರಾತ್ರಿ

ಪ್ರೀತಿಯ ಕೂಸೇ,

ನಿನ್ನೆ ಫೋನಿನಲ್ಲಿ ನೀನು ‘ಇಂಟರ್ನ್‌ಶಿಪ್ ಬೇಕೆಂದರೆ ನನ್ನನ್ನು ನಾನೇ ಮಾರಿಕೊಳ್ಳಬೇಕಂತೆ ಅಪ್ಪಾ, ಅದು ನನ್ನಿಂದಾಗದು’ ಎಂದದ್ದು ಅಜ್ಜಿಗೂ ಕೇಳಿಸಿತು. ಅವಳನ್ನು ಸಮಾಧಾನ ಮಾಡಲು ಅರ್ಧ ಗಂಟೆ ಹಿಡಿಯಿತು. ಇಂಟರ್ನ್‌ಶಿಪ್ ಎಂದರೇನು ಎಂದು ವಿವರಿಸಿದ ಮೇಲೆ, ‘ಸಂಬಳವಿಲ್ಲದೆ ಎರಡು ತಿಂಗಳು ದುಡಿಯುವುದಕ್ಕೂ ಇಷ್ಟು ಬೇಡಿಕೊಳ್ಳಬೇಕೇ?’ ಎಂದಳು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ವಿಚಾರ ಸಂಕಿರಣದಲ್ಲಿ ಇಡೀ ಚಹಾ ವಿರಾಮ ಗೋಡೆಗೆ ಒರಗಿ ನಿಂತಿದ್ದೆಯಂತೆ. ಕೊನೆಗೆ ಒಬ್ಬ ವಿಜ್ಞಾನಿಯ ಬಳಿ ಹೋಗಿ, ‘ನನಗೆ ಸಮುದ್ರ ಎಂದರೆ ತುಂಬಾ ಆಸಕ್ತಿ ಸರ್, ಏನಾದರೂ ಅವಕಾಶವಿದ್ದರೆ ಹೇಳಿ’ ಎಂದೆಯಂತೆ. ಅವರು ‘ನೋಡೋಣ’ ಎಂದು ವಡೆಯ ತಟ್ಟೆಯ ಕಡೆಗೆ ಹೋದರು. ನನಗೆ ಅವರ ಮೇಲೆ ಸಿಟ್ಟಿಲ್ಲ. ಕೈಯಲ್ಲಿ ಹಿಡಿದು ನೋಡುವಂಥದ್ದೇನನ್ನೂ ನೀನು ಅವರಿಗೆ ಕೊಡಲಿಲ್ಲ.

ಚಿಕ್ಕವಳಿದ್ದಾಗ ನನ್ನ ಜೊತೆ ಅಡಿಕೆ ಮಾರುಕಟ್ಟೆಗೆ ಬರುತ್ತಿದ್ದೆಯಲ್ಲ, ನೆನಪು ಮಾಡಿಕೋ. ವ್ಯಾಪಾರಿ ರಾಶಿಯ ಮುಂದೆ ಕುಕ್ಕರಗಾಲಿನಲ್ಲಿ ಕೂರುತ್ತಾನೆ. ಮೇಲಿನ ಅಡಿಕೆಯನ್ನು ಮುಟ್ಟುವುದೇ ಇಲ್ಲ, ಮೊಣಕೈವರೆಗೆ ಕೈ ಇಳಿಸಿ ಅಡಿಯಿಂದ ಒಂದು ಮುಷ್ಟಿ ತೆಗೆಯುತ್ತಾನೆ. ಒಂದನ್ನು ಅಡಕತ್ತರಿಯಲ್ಲಿಟ್ಟು ಹೋಳು ಮಾಡಿ, ಒಳಗಿನ ಗೆರೆ ನೋಡಿ, ಮೂಸಿ, ಚೀಟಿಯಲ್ಲಿ ದರ ಬರೆದು ಏಳುತ್ತಾನೆ. 2019ರಲ್ಲಿ ‘ಶಿರಸಿ ಸುಪಾರಿ’ಗೆ ಭೌಗೋಳಿಕ ಗುರುತಿನ (ಜಿಐ) ಮಾನ್ಯತೆ ಬಂದಾಗ ನಾವೆಲ್ಲ ಹಿಗ್ಗಿದೆವು, ವ್ಯಾಪಾರಿ ಮಾತ್ರ ಅಡಕತ್ತರಿಯನ್ನು ಮನೆಯಲ್ಲಿ ಬಿಟ್ಟು ಬರಲಿಲ್ಲ. ನಿನ್ನ ವಿಭಾಗದ ಹೆಸರೂ ಅಂಕಪಟ್ಟಿಯೂ ಅಷ್ಟೇ.

ಒಂದು ವರ್ಷ ನಾನು ಮೇಲೆ ಒಳ್ಳೆಯ ಚಾಲಿ ಅಡಿಕೆ ಹರಡಿ ಅಡಿಯಲ್ಲಿ ಕಡಿಮೆ ದರ್ಜೆಯ ಬಿಳಿಗೋಟು ಸೇರಿಸಿದ್ದೆ. ಇದನ್ನು ನಿನಗೆ ಇಲ್ಲಿಯವರೆಗೆ ಹೇಳಿಲ್ಲ. ಆ ವ್ಯಾಪಾರಿ ಬೈಯಲಿಲ್ಲ. ಒಂದು ಬಿಳಿಗೋಟನ್ನು ತೆಗೆದು ನನ್ನ ಅಂಗೈ ಮೇಲಿಟ್ಟು ಮುಂದಿನ ರಾಶಿಗೆ ಹೋದ. ಆಮೇಲೆ ಎರಡು ವರ್ಷ, ನನ್ನ ಮಾಲು ಚೊಕ್ಕವಾಗಿದ್ದಾಗಲೂ ಅವನ ಕೈ ಉಳಿದವರ ರಾಶಿಗಿಂತ ನನ್ನದರಲ್ಲಿ ಹೆಚ್ಚು ಆಳಕ್ಕೆ ಇಳಿಯುತ್ತಿತ್ತು. ಎರಡು ದಿನ ನೋಡಿದ ಸಾಫ್ಟ್‌ವೇರನ್ನು ‘ಬರುತ್ತದೆ’ ಎಂದು ಬಯೊಡೇಟಾದಲ್ಲಿ ಬರೆದಿದ್ದರೆ ಇವತ್ತೇ ಅಳಿಸಿಬಿಡು.

ಆದರೆ ನಿನ್ನ ರಾಶಿಯ ಅಡಿಯಲ್ಲಿ ಒಳ್ಳೆಯ ಮಾಲಿದೆ. ಡಿಸೆಂಬರಿನಲ್ಲಿ ಹನ್ನೆರಡು ದಿನ ಅಘನಾಶಿನಿಯ ಅಳಿವೆಯಲ್ಲಿ, ಇಳಿತದ ಹೊತ್ತು ನೋಡಿಕೊಂಡು, ಮೊಣಕಾಲುದ್ದ ಕೆಸರಿನಲ್ಲಿ ಚೌಕಟ್ಟು ಇಟ್ಟು ಬಳಚು ಎಂಬ ಚಿಪ್ಪುಜೀವಿಯನ್ನು ಎಣಿಸಿದವಳು ನೀನು. (ಅಜ್ಜಿಯ ಎದುರು ಬಳಚಿನ ಮಾತು ಬೇಡ, ಅವಳ ಪಾಲಿಗೆ ನೀನು ನೀರು ಪರೀಕ್ಷಿಸಲು ಹೋಗಿದ್ದು.) ಆ ಅಳಿವೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರಿದೆ. ನೀನು ಗೋಡೆಗೆ ಒರಗಿ ನಿಂತಿದ್ದಾಗ ಆ ಲೆಕ್ಕದ ಹಾಳೆಗಳು ನಿನ್ನ ಚೀಲದಲ್ಲೇ ಇದ್ದವಲ್ಲ! ‘ಬಳಚು ಎಣಿಸಿದ್ದೇನೆ ಸರ್, ಎರಡು ಕಡೆ ಉಪ್ಪಿನಂಶ ಅಳೆಯುವುದರಲ್ಲಿ ತಪ್ಪಿದ್ದೇನೆ, ನೀವಾಗಿದ್ದರೆ ಹೇಗೆ ಅಳೆಯುತ್ತಿದ್ದಿರಿ?’ ಎಂದು ಕೇಳಿದ್ದರೆ ಅವರು ವಡೆ ಮರೆಯುತ್ತಿದ್ದರೋ ಏನೋ. ಇಂಟರ್ನ್‌ಶಿಪ್ ಎಂಬ ಮಾತನ್ನು ಅಲ್ಲಿ ಎತ್ತಲೇಬೇಡ. ‘ನಿಮಗೊಂದು ಇಮೇಲ್ ಬರೆಯಬಹುದೇ?’ ಎಂದಷ್ಟೇ ಕೇಳಿ, ಆ ರಾತ್ರಿಯೇ ಬರೆ. ಅರ್ಧ ಪುಟ ಸಾಕು, ಜೊತೆಗೆ ಲೆಕ್ಕದ ಒಂದು ಹಾಳೆ. ಉತ್ತರ ಬಾರದಿದ್ದರೆ ಹತ್ತು ದಿನ ಬಿಟ್ಟು ಮತ್ತೊಮ್ಮೆ. ಆಮೇಲೆ ಬೇರೆಯವರನ್ನು ನೋಡು.

ಮಾವ ಬೇಸರ ಮಾಡಿಕೊಂಡಿದ್ದಾನೆ. ಕಾರವಾರದ ಕಡಲ ಮೀನುಗಾರಿಕೆ ಸಂಶೋಧನಾ ಕೇಂದ್ರದಲ್ಲಿ ಪರಿಚಯದವರಿದ್ದಾರೆ ಎಂದರೆ ‘ವಶೀಲಿ ಬೇಡ’ ಎಂದೆಯಂತೆ. ಅಲ್ಲಿ ಪಂಜರದಲ್ಲಿ ಮೀನು ಸಾಕುವ ಕೆಲಸ ನಡೆಯುತ್ತದೆ; ಚಿಪ್ಪುಜೀವಿಗಳ ಕೆಲಸವನ್ನು ಯಾರು ನೋಡುತ್ತಾರೆ ಎಂದು ಅವನಿಂದ ತಿಳಿದುಕೊಳ್ಳುವುದು ವಶೀಲಿ ಅಲ್ಲ. ‘ನಮ್ಮ ಹುಡುಗಿಯನ್ನು ಹೇಗಾದರೂ ಸೇರಿಸಿಕೊಳ್ಳಿ’ ಎಂದು ಅವನಿಂದ ಹೇಳಿಸಿದರೆ ಅದು ವಶೀಲಿ. ಮಾವನಿಗೊಂದು ಫೋನು ಮಾಡು.

ಇಷ್ಟನ್ನು ನಿನ್ನ ಅಮ್ಮನಿಗೆ ಓದಿ ಹೇಳಿದೆ. ಕೈಯಲ್ಲಿದ್ದ ಕೆಲಸ ನಿಲ್ಲಿಸದೆಯೇ, ‘ನೆಂಟರ ಮುಂದೆ ಕೂಸು ಬಾಯಿ ತೆರೆದಾಗಲೆಲ್ಲ ಜಂಬ ಕೊಚ್ಚಬೇಡ ಎಂದು ಗದರಿದವರು ನೀವೇ’ ಎಂದಳು. ಹೌದು ಕೂಸೇ, ಗದರಿದ್ದು ನಾನೇ. ನೀನು ನಾಲ್ಕನೆಯ ತರಗತಿಯಲ್ಲಿ ಬಹುಮಾನದ ಲೋಟ ತೋರಿಸಲು ಓಡಿ ಬಂದ ದಿನ ನನಗೂ ನೆನಪಿದೆ.

ನಾಳೆ ಬೆಳಿಗ್ಗೆ ಅಡಿಕೆ ಸುಲಿಯುವವರು ಬರುತ್ತಾರೆ, ಮಲಗಬೇಕು. ಇಮೇಲಿನ ಕರಡನ್ನು ಮೊದಲು ನನಗೆ ಕಳಿಸು. ಇಂಗ್ಲಿಷಿನಲ್ಲಿದ್ದರೂ ಅಡ್ಡಿಯಿಲ್ಲ, ಬಳಚಿನ ಲೆಕ್ಕ ಎಷ್ಟನೆಯ ಸಾಲಿನಲ್ಲಿದೆ ಎಂದು ಹುಡುಕಲು ನನಗೆ ಬರುತ್ತದೆ.

ನಿನ್ನ
ಅಪ್ಪ