ನೀನು ಎಡವಿದ ಜಾಗದಿಂದಲೇ ಶುರುಮಾಡು

ಕುಂಜಿಬೆಟ್ಟು, ಉಡುಪಿ

ಚಿ. ಅನುಷಾಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಪತ್ರ ಓದಿದೆ. ಯಾರು ಬೇಕಾದರೂ ಕೋಡ್ ನೋಡಿ ತಿದ್ದುಪಡಿ ಸೂಚಿಸಬಹುದಾದ ಓಪನ್ ಸೋರ್ಸ್ ತಂತ್ರಾಂಶ ಯೋಜನೆಯೊಂದಕ್ಕೆ ಕೈಜೋಡಿಸುವ ಆಸೆ ಸಂತೋಷದ್ದೇ. ಆದರೆ ಕೋಡ್ ಬರೆಯುವಷ್ಟು ಬುದ್ಧಿಯಿಲ್ಲ, ಅದಕ್ಕೇ ಡಾಕ್ಯುಮೆಂಟೇಷನ್, ಅಂದರೆ ಅದರ ಕೈಪಿಡಿ, ತಿದ್ದುತ್ತೇನೆ ಎಂದು ಬರೆದ ಧಾಟಿ ನನಗೆ ಹಿಡಿಸಲಿಲ್ಲ. ಇಂಥ ಯೋಜನೆಗಳ ಕೋಡ್ ಇಡುವ ಗಿಟ್‌ಹಬ್ ತಾಣ 2017ರಲ್ಲಿ ಒಂದು ಸಮೀಕ್ಷೆ ನಡೆಸಿತ್ತು. ಉತ್ತರಿಸಿದವರಲ್ಲಿ ಶೇ 93ರಷ್ಟು ಮಂದಿ ಅರೆಬರೆಯಾದ, ಹಳತಾದ ಕೈಪಿಡಿಗಳೇ ತೊಂದರೆ ಎಂದರು. ಕೊಡುಗೆ ನೀಡುವವರಲ್ಲಿಯೇ ಶೇ 60ರಷ್ಟು ಮಂದಿ ಆ ಕಡೆ ತಲೆಹಾಕುವುದು ಅಪರೂಪ, ಅಥವಾ ಇಲ್ಲವೇ ಇಲ್ಲ. ಎಲ್ಲರೂ ಗೊಣಗುವ, ಯಾರೂ ಮುಟ್ಟದ ಕೆಲಸಕ್ಕೆ ನೀನು ಹೊರಟಿದ್ದೀಯ. ತಲೆ ತಗ್ಗಿಸಿಕೊಂಡು ಹೋಗಬೇಡ.

ಎಲ್ಲಿಂದ ಆರಂಭಿಸಲಿ ಎಂದು ಕೇಳಿದ್ದೀಯ. ಹೊಸಬರಿಗೆಂದು 'ಗುಡ್ ಫಸ್ಟ್ ಇಶ್ಯೂ' ಎಂಬ ಚೀಟಿ ಅಂಟಿಸಿದ ಕೆಲಸಗಳ ಮುಂದೆ ಯಾವಾಗಲೂ ನೂಕುನುಗ್ಗಲು. ಅದಕ್ಕಿಂತ ಒಳ್ಳೆಯದು ನಿನ್ನ ಬಳಿಯೇ ಇದೆ. ಮೊನ್ನೆ ಸುರತ್ಕಲ್‌ನ ಹಾಸ್ಟೆಲಿನಿಂದ ಫೋನ್ ಮಾಡಿ, ಕೈಪಿಡಿಯಲ್ಲಿ ಹೇಳಿದಂತೆಯೇ ಪಿಪ್ ಇನ್‌ಸ್ಟಾಲ್ (ಪೈಥಾನ್ ಭಾಷೆಯ ಪ್ಯಾಕೇಜ್ ಹಾಕುವ ಆಜ್ಞೆ) ಕೊಟ್ಟರೂ 'ಎಕ್ಸ್‌ಟರ್ನಲಿ ಮ್ಯಾನೇಜ್ಡ್ ಎನ್ವಿರಾನ್‌ಮೆಂಟ್' ಎಂಬ ದೋಷ ಬರುತ್ತಿದೆ ಎಂದು ಗೋಳಾಡಿದೆಯಲ್ಲ, ಅದೇ. ತಪ್ಪು ನಿನ್ನದಾಗಿರಲಿಲ್ಲ. 2023ರಲ್ಲಿ ಬಂದ ಲಿನಕ್ಸ್ ಆವೃತ್ತಿಗಳಾದ ಉಬುಂಟು 23.04 ಮತ್ತು ಡೆಬಿಯನ್ 12ರಿಂದೀಚೆಗೆ, ಸಿಸ್ಟಮ್ಮಿನ ಪೈಥಾನ್ ಒಳಗೆ ಪಿಪ್ ನೇರವಾಗಿ ಕೈಹಾಕಲು ಬಿಡುವುದಿಲ್ಲ. ಮೊದಲು ಬೇರೆಯೇ ಒಂದು ವರ್ಚುವಲ್ ಎನ್ವಿರಾನ್‌ಮೆಂಟ್ (ಸಿಸ್ಟಮ್ಮಿನದಕ್ಕೆ ತಾಗದ ಪ್ರತ್ಯೇಕ ಪೈಥಾನ್ ಜಾಗ) ಮಾಡಿಕೊಳ್ಳಬೇಕು. ಅದನ್ನು ಮಾಡಹೊರಟರೆ 'ಪೈಥಾನ್ 3 ವೆನ್ವ್' ಎಂಬ ಪ್ಯಾಕೇಜ್ ಇಲ್ಲವೆಂದು ಮತ್ತೊಂದು ತಡೆ. ನೀನು ಓದಿದ ಪುಟ ಇದಕ್ಕೂ ಹಿಂದಿನದು. ಅದನ್ನು ಬರೆದವರ ಗಣಕದಲ್ಲಿ ಇವೆಲ್ಲ ಎಂದೋ ಸಿದ್ಧವಾಗಿರುವುದರಿಂದ ಅವರ ಕಣ್ಣಿಗೆ ಈ ಕೊರತೆ ಬೀಳುವುದೇ ಇಲ್ಲ. ನಿನ್ನ ಕಣ್ಣಿಗೆ ಬಿದ್ದಿದೆ. ಇನ್ನೊಂದು ತಿಂಗಳು ಕಳೆದರೆ ನಿನಗೂ ಅಭ್ಯಾಸವಾಗಿ ಮರೆತುಹೋಗುತ್ತದೆ, ಹಾಗಾಗಿ ಎಲ್ಲಿ ನಿಂತೆ, ಪರದೆಯ ಮೇಲೆ ಏನು ಬಂತು, ಏನು ಮಾಡಿದ ಮೇಲೆ ದಾಟಿದೆ ಎಂಬುದನ್ನು ಈಗಲೇ ಬರೆದಿಡು.

ಬರೆದದ್ದನ್ನು ಹಾಗೆಯೇ ಕಳುಹಿಸಬೇಡ. ವರ್ಚುವಲ್ ಮಷಿನ್‌ನಲ್ಲಿ, ಅಂದರೆ ಗಣಕದೊಳಗೇ ಓಡುವ ಇನ್ನೊಂದು ಗಣಕದಲ್ಲಿ, ಹೊಸದಾಗಿ ಉಬುಂಟು ಹಾಕಿ, ನೀನು ಬರೆದ ಸಾಲುಗಳನ್ನಷ್ಟೇ ಒಂದೊಂದಾಗಿ ಕೊಟ್ಟು ನೋಡು. ನಡುವೆ ನೆನಪಿನಿಂದ ಒಂದೇ ಒಂದು ಆಜ್ಞೆ ಸೇರಿಸಿದರೂ ಆ ಪರೀಕ್ಷೆ ಲೆಕ್ಕಕ್ಕಿಲ್ಲ. ಎಐಗೆ ಹೇಳಿ ಬರೆಸಿ, ಓಡಿಸಿಯೂ ನೋಡದೆ ಕಳುಹಿಸುವವರು ಈಗ ಬೇಕಾದಷ್ಟಿದ್ದಾರೆ. ಆ ಸಾಲಿಗೆ ಸೇರಬೇಡ.

ಆಮೇಲೆ ಕೊಡುಗೆಯ ನಿಯಮಗಳಿರುವ, ಯೋಜನೆಯ 'ಕಾಂಟ್ರಿಬ್ಯೂಟಿಂಗ್' ಕಡತವನ್ನು ಪೂರ್ತಿ ಓದು. ಕೆಲವರು ಮೊದಲು ಇಶ್ಯೂ (ದೂರಿನ ಚೀಟಿ) ತೆರೆಯಿರಿ ಎನ್ನುತ್ತಾರೆ, ಕೆಲವರಿಗೆ ಕಮಿಟ್ (ದಾಖಲಿಸಿದ ಬದಲಾವಣೆ) ಸಂದೇಶದ ಕೊನೆಗೆ, ಇದನ್ನು ಕೊಡುವ ಹಕ್ಕು ನನಗಿದೆ ಎಂದು ದೃಢಪಡಿಸುವ 'ಸೈನ್ಡ್ ಆಫ್ ಬೈ' ಸಾಲು ಬೇಕು. ಅದೇ ದೂರನ್ನು ಬೇರೆ ಯಾರಾದರೂ ಕೊಟ್ಟಿದ್ದಾರೆಯೇ ಎಂದೂ ಹುಡುಕು. ಯೋಜನೆಯ ನಕಲು ಪಡೆಯುವ ಫೋರ್ಕ್, ಅದರಲ್ಲಿ ತಿದ್ದಲು ತೆಗೆಯುವ ಬೇರೆ ಕವಲಾದ ಬ್ರಾಂಚ್, ತಿದ್ದಿದ್ದನ್ನು ಸೇರಿಸಿಕೊಳ್ಳಿ ಎಂದು ಕೇಳುವ ಪುಲ್ ರಿಕ್ವೆಸ್ಟ್ ಇವೆಲ್ಲ ಕಾಲೇಜಿನಲ್ಲಿ ಕಲಿತಿದ್ದೀಯ, ನಾನು ಹೇಳಬೇಕಾಗಿಲ್ಲ. ಮುಖ್ಯ ಬ್ರಾಂಚಿನಲ್ಲಿಯೇ ತಿದ್ದಬೇಡ, ಅಷ್ಟೆ.

ನಾನು ಹಟ ಹಿಡಿದು ಹೇಳುವುದು ಒಂದೇ: ಬೇಕಾದಷ್ಟನ್ನೇ ಮುಟ್ಟು. ಮಣಿಪಾಲದ ಮುದ್ರಣಾಲಯದಲ್ಲಿ ಕರಡಚ್ಚು ತಿದ್ದುತ್ತಿದ್ದ ಕಾಲದಿಂದಲೂ ನೋಡಿದ್ದೇನೆ, ಕೈಗೆ ಪೆನ್ನು ಬಂದ ಕೂಡಲೇ ಹೊಸಬರಿಗೆ ಲೇಖಕರ ಇಡೀ ಪ್ಯಾರಾ ಬದಲಿಸುವ ಉಮೇದು ಬರುತ್ತದೆ. ಇಲ್ಲಿಯೂ ಹಾಗೆಯೇ. ಎರಡು ಸಾಲು ಸೇರಿಸಲು ಹೋಗಿ, ಪಕ್ಕದ ಪ್ಯಾರಾದ ಸಾಲುಗಳು ಅಂದವಾಗಿ ಕಾಣಲೆಂದು ಮುರಿದು ಜೋಡಿಸಿದೆಯೆಂದು ಇಟ್ಟುಕೋ. ಬದಲಾವಣೆ ತೋರಿಸುವ ಡಿಫ್ ತೆರೆದರೆ ಆ ಪ್ಯಾರಾವೆಲ್ಲ ಕೆಂಪು (ತೆಗೆದದ್ದು), ಹಸಿರು (ಸೇರಿಸಿದ್ದು). ನಿಜವಾಗಿ ಬದಲಾದದ್ದು ಯಾವುದು ಎಂದು ಪರಿಶೀಲಿಸುವವರು ದುರ್ಬೀನು ಹಾಕಿ ಹುಡುಕಬೇಕು. ದಾರಿಯಲ್ಲಿ ಕಂಡ ಕಾಗುಣಿತದ ತಪ್ಪುಗಳಿಗೆ ಬೇರೆ ಪುಲ್ ರಿಕ್ವೆಸ್ಟ್ ಇರಲಿ.

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಕಮಿಟ್ ಜೊತೆ ನಿನ್ನ ಇಮೇಲ್ ವಿಳಾಸವೂ ಸೇರಿ ಶಾಶ್ವತವಾಗಿ ಬಯಲಲ್ಲಿ ಉಳಿಯುತ್ತದೆ. ಗಿಟ್‌ಹಬ್‌ನ ಸೆಟ್ಟಿಂಗ್‌ನಲ್ಲಿ ವಿಳಾಸ ಮುಚ್ಚಿಡುವ ಸೌಲಭ್ಯವಿದೆ. ಅವರು ಕೊಡುವ 'ನೋರಿಪ್ಲೈ' ವಿಳಾಸವನ್ನು ನಿನ್ನ ಲ್ಯಾಪ್‌ಟಾಪಿನಲ್ಲಿ ಬದಲಾವಣೆ ದಾಖಲಿಸುವ ಗಿಟ್ ತಂತ್ರಾಂಶಕ್ಕೂ ಮೊದಲ ಕಮಿಟ್‌ಗೆ ಮುನ್ನ ತಿಳಿಸಿಡು.

ಅಕ್ಟೋಬರಿನಲ್ಲಿ ಹ್ಯಾಕ್ಟೋಬರ್‌ಫೆಸ್ಟ್ ಎಂಬ ಓಪನ್ ಸೋರ್ಸ್ ಕೊಡುಗೆಯ ಹಬ್ಬಕ್ಕೆ ಸೇರೋಣ ಎಂದು ಗೆಳತಿಯರು ಕರೆಯಬಹುದು. ಸೇರು, ಬೇಡವೆನ್ನುವುದಿಲ್ಲ. 2020ರಲ್ಲಿ ಬಹುಮಾನದ ಒಂದು ಟೀ ಶರ್ಟಿನ ಆಸೆಗೆ ಜನ ಯೋಜನೆಗಳ ಪರಿಚಯವಿರುವ ರೀಡ್‌ಮೀ ಕಡತಗಳಲ್ಲಿ ಒಂದೊಂದು ಪದ ತುರುಕಿ ನಿರ್ವಾಹಕರ ಜೀವ ತಿಂದರು. ಕೊನೆಗೆ, ಒಪ್ಪಿದ ಯೋಜನೆಗಳನ್ನಷ್ಟೇ ಸೇರಿಸುತ್ತೇವೆ ಎಂದು ಆಯೋಜಕರು ನಿಯಮ ಬದಲಿಸಬೇಕಾಯಿತು. ನಿನ್ನ ಹೆಸರು ಅಂಥ ಪಟ್ಟಿಯಲ್ಲಿ ಕಂಡರೆ ನಾನು ಫೋನ್ ಎತ್ತುವುದಿಲ್ಲ!

ಕಳುಹಿಸಿದ ಮೇಲೆ ಗಂಟೆಗೊಮ್ಮೆ ಇಣುಕಬೇಡ. ನೋಡುವವರಲ್ಲಿ ಅನೇಕರು ಸಂಬಳದ ಕೆಲಸ ಮುಗಿಸಿ ಬಂದು ಕೂರುವವರು. ಎರಡು ವಾರ ಸುಳಿವಿಲ್ಲದಿದ್ದರೆ ಒಂದು ಸಾಲಿನಲ್ಲಿ ವಿನಯವಾಗಿ ನೆನಪಿಸು. ತಿದ್ದಿ ಎಂದರೆ ಅದೇ ಬ್ರಾಂಚಿನಲ್ಲಿ ತಿದ್ದಿ ಪುಷ್ ಮಾಡು (ಗಿಟ್‌ಹಬ್‌ಗೆ ಕಳುಹಿಸು), ಹಳೆಯ ರಿಕ್ವೆಸ್ಟ್ ತಾನಾಗಿ ಬದಲಾಗುತ್ತದೆ. ಗಾಬರಿಯಿಂದ ಹೊಸದೊಂದು ತೆರೆಯಬೇಡ. ಬೇಡವೆಂದರೆ ಕಾರಣ ಕೇಳು, ವಾದಕ್ಕಿಳಿಯಬೇಡ. ನನಗೆ ಮೊದಲು ತೋರಿಸಬೇಕೆಂದೂ ಇಲ್ಲ, ಅಲ್ಲಿಯೇ ನೋಡುವವರಿದ್ದಾರೆ.

ಇದಕ್ಕೆ ದುಡ್ಡು ಎಷ್ಟು ಕೊಡುತ್ತಾರೆ ಎಂದು ನಿನ್ನ ಅಮ್ಮ ಕೇಳಿದಳು. ಕೊಡುವುದಿಲ್ಲ ಎಂದೆ. ಉಳಿದದ್ದನ್ನು ನೀನೇ ಅವಳಿಗೆ ವಿವರಿಸಬೇಕು, ನನ್ನಿಂದ ಆಗಲಿಲ್ಲ.

ಇಂತು,
ನಿನ್ನ ದೊಡ್ಡಮ್ಮ