ನನ್ನ ಅನುಮಾನ ತಪ್ಪಾದರೆ ಅಂತ ಕೇಳಿದ್ದೀಯಲ್ಲ

ದಾವಣಗೆರೆ
ಭಾನುವಾರ

ಚಿ. ಕಾವ್ಯಾಳಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ಮನೆ ಸುದ್ದಿಯನ್ನೆಲ್ಲ ನಿನ್ನ ತಮ್ಮ ಹೇಳುತ್ತಾನೆ, ಅದನ್ನು ಬರೆಯುವುದಿಲ್ಲ. ನೀನು ಪಾಠ ಮಾಡುವ ಶಾಲೆಯ ಹುಡುಗಿಯೊಬ್ಬಳನ್ನು ಓದಿಸುವ ನೆಪದಲ್ಲಿ ಯಾರೋ ಸಾಗಿಸುತ್ತಿದ್ದಾರೇನೋ ಅಂತ ಬರೆದು, ಪತ್ರದ ಕೊನೆಯಲ್ಲಿ 'ದೊಡ್ಡಪ್ಪ, ನನ್ನ ಅನುಮಾನ ತಪ್ಪಾದರೆ?' ಅಂತ ಕೇಳಿದ್ದೀಯಲ್ಲ, ಅದನ್ನು ಓದಿದಾಗಿನಿಂದ ಮನಸ್ಸಿಗೆ ನೆಮ್ಮದಿ ಇಲ್ಲ. ನಿನ್ನ ತಮ್ಮ ಸಂಜೆ ಜಗಳೂರು ಬಸ್ ಹತ್ತುತ್ತಾನೆ, ಅವನ ಕೈಯಲ್ಲೇ ಇದನ್ನು ಕಳಿಸುತ್ತಿದ್ದೇನೆ.

ಆ ಹುಡುಗಿಯ ಹೆಸರು ನೀನು ಬರೆದಿದ್ದೀಯ. ನಾನು ಇಲ್ಲಿ ಬರೆಯುವುದಿಲ್ಲ. ನೀನೂ ಇನ್ನು ಹೊರಗೆಲ್ಲೂ ಹೇಳಬೇಡ. ಟೀಚರುಗಳ ವಾಟ್ಸ್ಆ್ಯಪ್ ಗ್ರೂಪಿನಲ್ಲಂತೂ ಬೇಡವೇ ಬೇಡ.

ಆರನೇ ಕ್ಲಾಸಿನ ಮಗು. ದೂರದ ಸಂಬಂಧ ಅಂತ ಹೇಳಿಕೊಂಡು ಒಬ್ಬ ಹೆಂಗಸು ಬಂದು ಹೋಗುತ್ತಿದ್ದಾಳೆ. ಬೆಂಗಳೂರಲ್ಲಿ ಯಾರದೋ ಮನೆಯಲ್ಲಿ ಇರಿಸಿ ಓದಿಸುತ್ತಾರಂತೆ. ತಾಯಿಯ ಕೈಗೆ ಆಗಲೇ ಸ್ವಲ್ಪ ದುಡ್ಡು ಬಂದಿದೆ. ಆದರೆ ಟಿ.ಸಿ. ಕೇಳಲು ಯಾರೂ ಬಂದಿಲ್ಲ ಅಂತ ಬರೆದಿದ್ದೀಯ. ನನಗೆ ಎದೆ ಧಸಕ್ ಅಂದದ್ದು ಅಲ್ಲೇ. ಟಿ.ಸಿ. ಇಲ್ಲದಿದ್ದರೂ ಶಾಲೆಗೆ ಸೇರಿಸಿಕೊಳ್ಳಬೇಕು, ಅದು ಸರಿ. ಆದರೆ ಯಾವ ಶಾಲೆ, ಯಾವ ಏರಿಯಾ, ಯಾರ ಮನೆ ಅನ್ನುವುದಾದರೂ ಹೆತ್ತವರಿಗೆ ಗೊತ್ತಿರಬೇಕಲ್ವಾ? ಓದಿಸುವವರು ಮೊದಲೇ ದುಡ್ಡು ಯಾಕೆ ಕೊಡುತ್ತಾರೆ?

ನಾನು ಎಷ್ಟೋ ವರ್ಷ ಬೆಂಗಳೂರಿನ ರಾತ್ರಿ ಬಸ್ಸಲ್ಲಿ ಟಿಕೆಟ್ ಹರಿದವನು. ಮಕ್ಕಳನ್ನು ನೋಡುವುದು ಅಭ್ಯಾಸವಾಗಿಬಿಟ್ಟಿತ್ತು. ಅಪ್ಪ ಅಮ್ಮನ ಜೊತೆ ಹೋಗುವ ಮಗು ಕಿಟಕಿಗೆ ಜಗಳ ಮಾಡುತ್ತದೆ, ಹಸಿವು ಅನ್ನುತ್ತದೆ, ಅವರ ಮೇಲೆಯೇ ಬಿದ್ದು ನಿದ್ದೆ ಮಾಡುತ್ತದೆ. ಕೆಲವು ಮಕ್ಕಳು ಹಾಗಿರುತ್ತಿರಲಿಲ್ಲ. 'ಎಲ್ಲಿಗೆ ಹೊರಟೆ ಪುಟ್ಟಾ' ಅಂದರೆ ಪಕ್ಕದವನೇ ಉತ್ತರ ಕೊಡುತ್ತಿದ್ದ. ಊಟಕ್ಕೆ ನಿಲ್ಲಿಸಿದಾಗ ಅವನ ಮುಖ ನೋಡದೆ ಮಗು ತುತ್ತು ಎತ್ತುತ್ತಿರಲಿಲ್ಲ.

ಒಂದು ಸಲ ಅಂಥ ಒಬ್ಬ ಹುಡುಗನನ್ನು ನೋಡಿ, ಚಿತ್ರದುರ್ಗದ ಸ್ಟ್ಯಾಂಡಿನಲ್ಲಿ ಪೊಲೀಸರಿಗೆ ಹೇಳಿದೆ. ಅವರು ಬಂದು ವಿಚಾರಿಸಿದರು, ಊರಿಗೆ ಫೋನ್ ಮಾಡಿಸಿದರು. ಜೊತೆಗಿದ್ದವನು ನಿಜವಾಗಿಯೂ ಸೋದರಮಾವ. ಹುಡುಗನಿಗೆ ಜ್ವರ, ಅದಕ್ಕೇ ಮಂಕಾಗಿದ್ದ. ಆ ಮನುಷ್ಯ ಹಿರಿಯೂರು ದಾಟುವ ತನಕ ನನ್ನನ್ನು ಬೈದ. ಆಮೇಲೆ ನಿದ್ದೆ ಹೋದ. ಬಸ್ಸು ತಡವಾಯಿತು, ನಾಲ್ಕು ಜನ ಗೊಣಗಿದರು. ಆದದ್ದು ಅಷ್ಟೇ ಮಗಳೇ. ಅನುಮಾನ ತಪ್ಪಾದರೆ ಇಷ್ಟು ಆಗುತ್ತದೆ.

ತಪ್ಪಾಗದೆ ಹೋದರೆ? ಅದನ್ನೂ ಕಂಡವನು ನಾನು. 1972ರ ಬರದ ಹೊತ್ತಿಗೆ ನಾನಿನ್ನೂ ಚಡ್ಡಿ ಹುಡುಗ. ನಮ್ಮ ಓಣಿಯ ಒಬ್ಬಳು ಹುಡುಗಿಯನ್ನು ಬೊಂಬಾಯಿಗೆ ಮನೆಗೆಲಸಕ್ಕೆ ಅಂತ ಕರೆದುಕೊಂಡು ಹೋದರು. ಹೊಸ ಲಂಗ, ಕೈತುಂಬ ಬಳೆ. ಬಸ್ಸು ಹತ್ತುವ ಅವಳನ್ನು ನೋಡಿ ನಾವು ಹುಡುಗರೆಲ್ಲ ಹೊಟ್ಟೆಕಿಚ್ಚು ಪಟ್ಟಿದ್ದೆವು, ಅದು ಇವತ್ತಿಗೂ ಚುಚ್ಚುತ್ತದೆ. ಸ್ವಲ್ಪ ದಿನ ಮನಿಯಾರ್ಡರ್ ಬಂತು. ಆಮೇಲೆ ಅದೂ ನಿಂತಿತು. ಅವಳ ತಾಯಿ ಬೊಂಬಾಯಿಯಿಂದ ಯಾರು ಬಂದರೂ ಹೋಗಿ ಕೇಳುತ್ತಿದ್ದಳು. ಓಣಿಯ ಹಿರಿಯರೆಲ್ಲ ಆಮೇಲೆ ಒಂದೇ ಮಾತು ಹೇಳಿದರು: 'ನನಗೆ ಆಗಲೇ ಅನುಮಾನ ಬಂದಿತ್ತು.' ಎಲ್ಲರಿಗೂ ಬಂದಿತ್ತಂತೆ. ತಪ್ಪಾದರೆ ಅಂತ ಎಲ್ಲರೂ ಸುಮ್ಮನಿದ್ದರು. ಯಾರಿಗೆ ಹೇಳಬೇಕು ಅನ್ನುವುದೂ ಆಗ ಗೊತ್ತಿರಲಿಲ್ಲ.

ಈಗ ಗೊತ್ತಿದೆ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡು. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ದುಡ್ಡು ಬೀಳುವುದಿಲ್ಲ. 'ನನಗೆ ಅನುಮಾನ ಇದೆ' ಅಂದರೂ ಸಾಕು. ನಿನ್ನ ಹೆಸರು ಹೊರಗೆ ಬರಬಾರದು ಅಂತಲೂ ಅವರಿಗೆ ಹೇಳು. ಪುರಾವೆ ಹುಡುಕುವುದು ನಿನ್ನ ಕೆಲಸವಲ್ಲ. ವಿಚಾರಿಸಲು ಜಿಲ್ಲಾ ಮಕ್ಕಳ ರಕ್ಷಣಾ ಘಟಕದವರಿದ್ದಾರೆ, ಮಗುವಿಗೆ ಯಾವುದು ಒಳ್ಳೆಯದು ಅಂತ ನೋಡಲು ಮಕ್ಕಳ ಕಲ್ಯಾಣ ಸಮಿತಿ ಇದೆ. ಮಗುವನ್ನು ಈಗಲೇ ಕರೆದುಕೊಂಡು ಹೋಗುತ್ತಿದ್ದಾರೆ ಅಂತ ಕಂಡರೆ ಮಾತ್ರ ಯೋಚಿಸುತ್ತ ಕೂರಬೇಡ, ಪೊಲೀಸರ ತುರ್ತು ನಂಬರು 112ಕ್ಕೆ ಮಾಡು. ಹೋಗಿಬಿಟ್ಟಿದ್ದಾಳೆ ಅಂದರೂ ಒಂದು ದಿನ ಕಾಯೋಣ ಅನ್ನಬೇಡ. ಯಾವ ಠಾಣೆಯಲ್ಲಾದರೂ ದೂರು ತೆಗೆದುಕೊಳ್ಳಬೇಕು. ಮಗು ಕಾಣೆಯಾದರೆ ಎಫ್ಐಆರ್ ಮಾಡಲೇಬೇಕು ಅಂತ ಸುಪ್ರೀಂ ಕೋರ್ಟು 2013ರಲ್ಲೇ ಹೇಳಿದೆ.

ಬರೀ ಮನೆಗೆಲಸ ಅಂತಾದರೆ ದೂರು ಕೊಡಬಹುದಾ ಅಂತಲೂ ಕೇಳಿದ್ದೀಯ. ಹದಿನಾಲ್ಕು ತುಂಬದ ಮಗುವನ್ನು ಮನೆಗೆಲಸಕ್ಕೆ ಇಟ್ಟುಕೊಳ್ಳುವುದು 2006ರಿಂದಲೇ ಅಪರಾಧ. ಅದಕ್ಕಿಂತ ಕೆಟ್ಟದ್ದು, ಮೈಮುಟ್ಟುವಂಥದ್ದು ಏನಾದರೂ ಅವಳ ಬಾಯಲ್ಲಿ ಬಂದರೆ, ಆಗ ಹೇಳುವುದು ನಿನ್ನ ಇಷ್ಟಕ್ಕೆ ಬಿಟ್ಟದ್ದಲ್ಲ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ 2012ರ ಪೋಕ್ಸೋ ಕಾಯ್ದೆ ಪ್ರಕಾರ ತಿಳಿಸಲೇಬೇಕು. ಹಾಗೆ ಆಗಬಹುದು ಅನ್ನುವ ಆತಂಕವಿದ್ದರೂ ತಿಳಿಸಬೇಕು ಅನ್ನುತ್ತದೆ ಆ ಕಾಯ್ದೆ. ಒಳ್ಳೆ ಮನಸ್ಸಿನಿಂದ ತಿಳಿಸಿದವರ ಮೇಲೆ ಕೇಸು ಹಾಕುವಂತಿಲ್ಲ ಅಂತಲೂ ಅದರಲ್ಲೇ ಇದೆ. ನಿನ್ನ ಭಯ ಕಾನೂನು ಮಾಡಿದವರಿಗೂ ಗೊತ್ತಿತ್ತು ಅಂತ ಕಾಣುತ್ತದೆ.

ಮತ್ತೆ, ಆ ಹೆಂಗಸನ್ನು ನೀನೊಬ್ಬಳೇ ಹೋಗಿ ಕೇಳಬೇಡ. ಎಚ್ಚರವಾದರೆ ಮಗುವನ್ನು ರಾತ್ರೋರಾತ್ರಿ ಸಾಗಿಸಿಬಿಡುತ್ತಾರೆ. ಹುಡುಗಿಯನ್ನೂ ಕೂರಿಸಿಕೊಂಡು ಕೆದಕಬೇಡ. ತಾನಾಗಿ ಹೇಳಿದರೆ ಕೇಳಿಸಿಕೋ, ಅವಳು ಹೇಳಿದ ಹಾಗೇ ತಾರೀಖು ಹಾಕಿ ಬರೆದಿಡು. ಯಾರಿಗೂ ಹೇಳಲ್ಲ ಅಂತ ಮಾತ್ರ ಮಾತು ಕೊಡಬೇಡ. ಹೆಡ್ ಮಾಸ್ತರಿಗೆ ಹೇಳುವುದು ಒಳ್ಳೆಯದು. ಆದರೆ ಊರಿನ ಉಸಾಬರಿ ನಮಗ್ಯಾಕೆ ಅಂತ ಅವರು ಅಂದರೆ ಅಲ್ಲಿಗೇ ನಿಲ್ಲಬೇಡ. ನಿನ್ನಂಥ ಅತಿಥಿ ಶಿಕ್ಷಕಿಗೆ ಇದು ಕಷ್ಟ ಅಂತ ಗೊತ್ತು ನನಗೆ. ದೂರದಲ್ಲಿ ಕೂತು ಹೇಳುವುದು ಸುಲಭ ಅನ್ನಿಸಿದರೆ ಬೇಸರ ಮಾಡಿಕೊಳ್ಳಬೇಡ.

ಆ ತಾಯಿಯ ಮೇಲೆ ಸಿಟ್ಟಾಗಬೇಡ. ದುಡ್ಡು ಮುಟ್ಟಿಬಿಟ್ಟಿದ್ದೇನೆ, ಇನ್ನು ಇಲ್ಲ ಅನ್ನುವ ಹಾಗಿಲ್ಲ ಅಂದುಕೊಂಡಿರುತ್ತಾಳೆ. ಹಾಗೇನಿಲ್ಲ, ಮುಂಗಡ ಕೊಟ್ಟು ಮನುಷ್ಯರನ್ನು ಜೀತಕ್ಕೆ ದುಡಿಸಿಕೊಳ್ಳುವುದು 1976ರಿಂದಲೇ ನಿಷೇಧ ಅಂತ ಬರುವ ಅಧಿಕಾರಿಗಳೇ ಅವಳಿಗೆ ಹೇಳಲಿ. ಹಾಸ್ಟೆಲ್, ವಸತಿ ಶಾಲೆ ಏನಾದರೂ ಸಿಗುತ್ತದಾ ಅಂತ ಬಿಇಒ ಆಫೀಸಲ್ಲಿ ನಾನೂ ವಿಚಾರಿಸುತ್ತೇನೆ. ಮಗು ಓದಲಿ ಅನ್ನುವುದು ಆ ತಾಯಿಯ ಆಸೆಯೂ ಹೌದು ತಾನೇ?

ತಪ್ಪಾದರೆ ತಪ್ಪಾಗಲಿ ಕಾವ್ಯಾ. ಬೈದರೆ ಬೈಸಿಕೋ. ಆ ಮನೆಯವರು ಜಗಳಕ್ಕೆ ಬಂದರೆ ನಮ್ಮ ದೊಡ್ಡಪ್ಪ ಮಾಡು ಅಂದರು ಅನ್ನು, ನಾನು ಬಂದು ಅವರ ಮುಂದೆ ಕೂತು ಮಾತಾಡುತ್ತೇನೆ. ಇದು ಸಿಕ್ಕ ರಾತ್ರಿಯೇ ಫೋನ್ ಮಾಡು. ನೀನು ಯಾರ ಹತ್ತಿರ ಮಾತಾಡಿದೆ, ಎಷ್ಟು ಹೊತ್ತಿಗೆ ಮಾತಾಡಿದೆ ಅನ್ನುವುದನ್ನೂ ಬರೆದಿಟ್ಟುಕೋ. ನಾಳೆ ಅವಳು ಶಾಲೆಗೆ ಬಂದಳಾ ಇಲ್ಲವಾ ಅಂತ ಹಾಜರಿ ಕರೆದ ತಕ್ಷಣ ನನಗೆ ತಿಳಿಸು.

ನಿನ್ನ ದೊಡ್ಡಪ್ಪ