ಉಂಡ್ಕೊಂಡು ಹೋಗಬಹುದಿತ್ತು

ಸಕಲೇಶಪುರ

ಚಿರಂಜೀವಿಗೆ ಆಶೀರ್ವಾದಗಳು. ಉಭಯ ಕುಶಲೋಪರಿ ಸಾಂಪ್ರತ.

ಈ ಸಾಲು ನೋಡಿ ನಗಬೇಡ. ನಾನು ಹಾಸನದಲ್ಲಿ ಓದುತ್ತಿದ್ದಾಗ ಅಪ್ಪನಿಂದ ಒಂದು ಇನ್‌ಲ್ಯಾಂಡ್ ಪತ್ರ ಬಂತು. ‘ನಾವೆಲ್ಲ ಇಲ್ಲಿ ಕ್ಷೇಮ, ನಿನ್ನ ಕ್ಷೇಮಕ್ಕೆ ಆಗಾಗ ಬರೆಯುತ್ತಿರುವುದು’ ಅಂತ ಶುರು. ಮೂರನೇ ಸಾಲಿನಲ್ಲಿ ಅಜ್ಜಿ ತೀರಿಕೊಂಡ ಸುದ್ದಿ. ಹಾಸ್ಟೆಲ್ ಮೆಟ್ಟಿಲ ಮೇಲೆ ಕೂತು ಓದಿದವನಿಗೆ ಅಳುವಿಗಿಂತ ಮೊದಲು ಸಿಟ್ಟು ಬಂತು. ಅಜ್ಜಿ ಸತ್ತ ಮನೆಯಲ್ಲಿ ಎಂಥಾ ಕ್ಷೇಮ? ಎಷ್ಟೋ ವರ್ಷದ ಮೇಲೆ ಹೊಳೆಯಿತು, ಮೂರನೇ ಸಾಲು ಬರೆಯೋಕೆ ಅಪ್ಪನಿಗೆ ಕೈ ಬಂದಿರಲಿಕ್ಕಿಲ್ಲ. ಸವೆದುಹೋದ ಆ ಮೊದಲ ಸಾಲನ್ನೇ ಹಿಡಿದುಕೊಂಡು ಅವರು ಅಲ್ಲಿಯವರೆಗೆ ನಡೆದಿದ್ದಾರೆ.

ನಿನ್ನ ಕಥೆ ಎರಡು ಸಲ ಓದಿದೆ. ಚೆನ್ನಾಗಿದೆ. ತೋಟದ ಪಾಲು ಮಾರಿ ಹೊರಟ ಅತ್ತಿಗೆಗೆ ಮೈದುನ ‘ಒಳ್ಳೇದಾಗ್ಲಿ’ ಅನ್ನುತ್ತಾನಲ್ಲ, ಅದರ ಪಕ್ಕದಲ್ಲಿ ‘ಎಂದು ವ್ಯಂಗ್ಯವಾಗಿ ನುಡಿದನು’ ಅಂತ ಬರೆದಿದ್ದೀಯ. ಅದನ್ನು ಹೊಡೆದುಹಾಕು. ನಮ್ಮ ಜನ ವ್ಯಂಗ್ಯ ಮಾಡುವಾಗ ದನಿ ಏರಿಸೋದಿಲ್ಲ, ಒಂದು ಪದ ಸೇರಿಸುತ್ತಾರೆ. ‘ಒಳ್ಳೇದಾಗ್ಲಿ ಬಿಡಿ.’ ಅಷ್ಟು ಸಾಕು. ಅತ್ತಿಗೆಗೂ ಗೊತ್ತಾಗುತ್ತೆ, ಓದುವವರಿಗೂ ಗೊತ್ತಾಗುತ್ತೆ. ಶಾಲೆಯಲ್ಲಿ ವಿಧ್ಯರ್ಥಕ ಕ್ರಿಯಾಪದ ಓದಿದ್ದು ನೆನಪಿದೆಯಾ? ಆಶೀರ್ವಾದ, ಅಪ್ಪಣೆ, ಹಾರೈಕೆ ಅಂತ ಮೇಷ್ಟ್ರು ಬಾಯಿಪಾಠ ಮಾಡಿಸುತ್ತಿದ್ದರು. ‘ಚೆನ್ನಾಗಿ ಬಾಳಲಿ’ಗೂ ‘ಹಾಳಾಗಿ ಹೋಗಲಿ’ಗೂ ಹಚ್ಚುವುದು ಅದೇ ‘ಅಲಿ’. ಹರಸೋಕೆ ಬೇರೆ, ಶಪಿಸೋಕೆ ಬೇರೆ ಪ್ರತ್ಯಯ ನಮ್ಮಲ್ಲಿ ಇಲ್ಲ ಕಣಮ್ಮ.

ಹಾಗಂತ ‘ಬಿಡಿ’ ಬಂದಲ್ಲೆಲ್ಲ ಕೊಂಕು ಅಂದುಕೊಳ್ಳಬೇಡ. ಕ್ಷೇಮ ಕೇಳುವ, ಹಾರೈಸುವ ಇಂಥ ಮಾತಿನ ಕೆಲಸ ವಿಷಯ ತಿಳಿಸೋದಲ್ಲ, ನಂಟು ಕಟ್ಟೋದು ಅಂತ 1923ರಲ್ಲೇ ಮಲಿನೋವ್ಸ್ಕಿ ಎಂಬ ಮಾನವಶಾಸ್ತ್ರಜ್ಞ ಬರೆದಿದ್ದ. ಸರಿಯೇ. ಆದರೆ ಅವನು ನಮ್ಮ ಕಾಫಿ ಬೆಳೆಗಾರರ ನಡುವೆ ಕೂತಿರಲಿಲ್ಲ. ಮಾರ್ಚ್, ಏಪ್ರಿಲ್‌ನಲ್ಲಿ ಇಲ್ಲಿ, ಮೂಡಿಗೆರೆ ಕಡೆಯೂ, ‘ಚೆನ್ನಾಗಿದ್ದೀರಾ’ ಅನ್ನೋದರ ಬದಲು ‘ಎಷ್ಟು ಸೆಂಟ್ ಆಯ್ತು?’ ಅಂತಲೇ ಮಾತು ಶುರು. ನೂರು ಸೆಂಟ್ ಅಂದರೆ ಒಂದು ಇಂಚು ಮಳೆ. ಇಂಚಿನ ಹತ್ತಿರ ಬಂದರೆ ಹೂವಿಗೆ ಒಳ್ಳೇದು. ಇಪ್ಪತ್ತಕ್ಕೇ ನಿಂತರೆ ಮೊಗ್ಗು ಅರ್ಧಂಬರ್ಧ ಅರಳಿ ಕರಟುತ್ತೆ, ಆ ವರ್ಷದ ಫಸಲು ಅಲ್ಲಿಗೇ ಹೋಯಿತು. ಈಗ ನೂರಹತ್ತು ಸೆಂಟ್ ಬಿದ್ದವನು ಇಪ್ಪತ್ತು ಬಿದ್ದವನಿಗೆ ‘ನಿಮ್ಮಲ್ಲೂ ಆಗುತ್ತೆ ಬಿಡಿ’ ಅಂತಾನೆ. ಮನಸ್ಸಿನಿಂದಲೇ ಅಂದಿರಬಹುದು. ಕೇಳಿದವನು ಮಾತ್ರ ಮನೆಗೆ ಬಂದು ‘ಏನು ಕೊಬ್ಬು ನೋಡು ಅವನಿಗೆ’ ಅಂತಾನೆ. ನಾನೂ ಅಂದಿದ್ದೇನೆ, ಸುಳ್ಳು ಯಾಕೆ ಹೇಳಲಿ.

ಊಟದ ಮಾತಿಗೆ ಬರ್ತೀನಿ. ನಿನ್ನ ಕಥೆಯಲ್ಲಿ ಬೆಂಗಳೂರಿನ ಹುಡುಗನನ್ನು ‘ಊಟ ಮಾಡಿಕೊಂಡು ಹೋಗಿ’ ಅಂತ ಕರೆಯುತ್ತಾರೆ, ಅವನು ಕೂತೇಬಿಡುತ್ತಾನೆ, ಮನೆಯವರು ಮುಖ ಮುಖ ನೋಡಿಕೊಳ್ಳುತ್ತಾರೆ. ಇದು ನಡೆಯೋದಿಲ್ಲ. ‘ಹೋಗಿ’ ಅಂದಮೇಲೆ ಅಕ್ಕಿ ಹಾಕಿರುತ್ತಾರೆ. ಬಾಯಿಮಾತಿನ ಕರೆಗೆ ಬೇರೆ ರೂಪ ಇದೆ. ನೀನು ಚಪ್ಪಲಿ ಮೆಟ್ಟಿ ಗೇಟಿನ ಹತ್ತಿರ ಬಂದಿರುತ್ತೀಯ, ಆಗ ಹಿಂದಿನಿಂದ ಬರುತ್ತೆ, ‘ಉಂಡ್ಕೊಂಡು ಹೋಗಬಹುದಿತ್ತು.’ ಆ ‘ಇತ್ತು’ ಕೇಳಿಸಿಕೋ. ಹೊತ್ತು ಮೀರಿತು, ಇನ್ನು ನೀನು ಹೊರಡು ಅಂತ ಅರ್ಥ. ‘ಅಯ್ಯೋ ಇನ್ನೊಂದ್ಸಲ ಊಟಕ್ಕೇ ಬರ್ತೀನಿ’ ಅಂತ ನೀನೂ ಅಷ್ಟೇ ಧಾರಾಳವಾಗಿ ಹೇಳಬೇಕು. ಇಬ್ಬರೂ ನಗಬೇಕು. ಇದನ್ನು ಬೂಟಾಟಿಕೆ ಅನ್ನುವವರ ಜೊತೆ ನನಗೆ ಜಗಳ ಇದೆ. ಬರಿಗೈಯಲ್ಲಿ ಕಳಿಸಿದೆವಲ್ಲ ಅನ್ನುವ ಮುಜುಗರ ಅದರೊಳಗೆ ಇರುತ್ತೆ. ನಿಜವಾಗಿ ಕರೆಯುವವರು ದಿನ ಹೇಳುತ್ತಾರೆ, ಹೊತ್ತು ಹೇಳುತ್ತಾರೆ, ಸಾರು ಯಾವುದು ಅಂತಲೂ ಹೇಳುತ್ತಾರೆ.

ಸಾವಿನ ಮನೆಯ ದೃಶ್ಯದಲ್ಲಿ ಒಂದು ತಪ್ಪಾಗಿದೆ. ನಾಯಕ ‘ಬರ್ತೀನಿ’ ಅಂತ ಹೇಳಿ ಏಳುತ್ತಾನೆ. ಬೇರೆಲ್ಲ ಕಡೆ ಅದು ಸರಿ. ಹಾಸನದ ಬಸ್ ಸ್ಟ್ಯಾಂಡಿನಲ್ಲಿ ನಿಂತು ನೋಡು, ಯಾರೂ ‘ಹೋಗ್ತೀನಿ’ ಅನ್ನೋದಿಲ್ಲ, ‘ಬತ್ತೀನಿ ಕಣಣ್ಣ’ ಅಂತಲೇ ಹತ್ತುತ್ತಾರೆ. ಸಾವಿನ ಮನೆಯಿಂದ ಮಾತ್ರ ಹೇಳದೆ ಎದ್ದು ಬರಬೇಕು. ಮತ್ತೆ ಬರುತ್ತೇನೆ ಅಂದರೆ ಯಾವುದಕ್ಕೆ ಬರುತ್ತೀಯ?

ನಾನೇ ಈ ತಪ್ಪು ಮಾಡಿದ್ದೇನೆ. ನೆರೆಮನೆಯಲ್ಲಿ ಹಿರೀಕರು ಹೋಗಿದ್ದರು. ಜಗಲಿಯಲ್ಲಿ ಅರ್ಧ ಗಂಟೆ ಸುಮ್ಮನೆ ಕೂತಿದ್ದವನು ಏಳುವಾಗ ಅಭ್ಯಾಸಬಲದಿಂದ ‘ಬರ್ತೀನಮ್ಮ’ ಅಂದುಬಿಟ್ಟೆ. ಪಕ್ಕದಲ್ಲಿದ್ದವರು ತಲೆ ತಗ್ಗಿಸಿದರು. ಒಬ್ಬರು ಟವೆಲ್ ಕೊಡವಿ ಮತ್ತೆ ಹೆಗಲಿಗೆ ಹಾಕಿಕೊಂಡರು. ಗಂಡನನ್ನು ಕಳೆದುಕೊಂಡ ಆ ಹೆಂಗಸು ಗೋಡೆಗೆ ಒರಗಿಕೊಂಡೇ ನನ್ನ ಮುಖ ನೋಡಿ, ‘ಬರ್ತಾ ಇರಪ್ಪ, ಇಂಥದ್ದಕ್ಕಲ್ಲ’ ಅಂದರು. ನನ್ನ ಮಾತನ್ನು ಕೆಳಗೆ ಬೀಳೋಕೆ ಬಿಡದೆ ಎತ್ತಿಕೊಂಡರು. ಅಂಥ ಒಂದು ಸಾಲು ನಾನು ಬರೆದ ಯಾವ ಕಥೆಯಲ್ಲೂ ಇಲ್ಲ.

ನಿನ್ನ ನಾಯಕನಿಂದ ಆ ಮಾತು ತೆಗೆಯಬೇಕೋ, ಬಾಯಿ ತಪ್ಪಿ ಆಡಿಸಬೇಕೋ ನೀನೇ ನೋಡು. ಆಡಿಸಿದರೆ ಎದುರಿಗೆ ಕೂತವರು ಏನು ಮಾಡಿದರು ಅಂತ ಬರಿ.

ಬರುವ ಭಾನುವಾರ ತಿದ್ದಿದ ಪ್ರತಿ ತೆಗೆದುಕೊಂಡು ಬಾ. ಹನ್ನೆರಡೂವರೆಗೆ ಊಟ. ಕಡುಬು, ಕಳಲೆ ಸಾರು.

ಇತಿ,
ನಿನ್ನ ಮೇಷ್ಟ್ರು